ಬೈರಕುಪ್ಪೆಗೆ ಬೇಕಿರುವುದು ಸೇತುವೆಯೋ, ಲಾಂಚೋ?

ಮಾನ್ಯ ಸಂಪಾದಕರೇ,

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆಯ ಬಳಿ ಕಬಿನಿಗೆ ಸೇತುವೆ ಕಟ್ಟಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು. ನದಿಯ ಈಚೆ ದಡ ಮೈಸೂರು ಜಿಲ್ಲೆ, ಆಚೆ ದಡ ಕೇರಳದ ವಯನಾಡು ಜಿಲ್ಲೆಯ ಪೆರಿಕ್ಕಲ್ಲೂರು. ಚುನಾವಣೆ ಹತ್ತಿರವಾದಾಗ ಮೇಲೇಳುವ ಈ ಬೇಡಿಕೆ, ಅರಣ್ಯದ ಮಾತು ಬಂದೊಡನೆ ಮತ್ತೆ ಮುಳುಗುತ್ತದೆ. ಸೇತುವೆ ಬೇಕು ಎನ್ನುವವರೂ ಬೇಡ ಎನ್ನುವವರೂ ತಮ್ಮ ತಮ್ಮ ಮಾತಿಗೆ ಅಂಟಿಕೊಂಡಿರುವುದರಿಂದ, ಇವೆರಡರ ನಡುವೆ ಮೂರನೆಯ ದಾರಿಯೊಂದು ಇರಬಹುದೆಂಬ ಯೋಚನೆಯೇ ಯಾರಿಗೂ ಬಂದಂತಿಲ್ಲ. ಕಾರು, ಜೀಪು, ಆಂಬುಲೆನ್ಸ್‌ಗಳನ್ನು ಹೊತ್ತು ನದಿ ದಾಟುವ ಒಂದು ಚಿಕ್ಕ ಲಾಂಚ್ ಅನ್ನು ಅಲ್ಲಿ ಪ್ರಯೋಗಿಸಿ ನೋಡಬೇಕೆಂದು ಸಂಬಂಧಪಟ್ಟವರ ಗಮನ ಸೆಳೆಯುವುದಕ್ಕಾಗಿ ಈ ಪತ್ರ.

ಅಲ್ಲಿನ ದೋಣಿ ಕಡವಿಗೆ ಹೋಗಿ ಬಂದವರಿಗೆ ಅಲ್ಲಿನ ಪರಿಸ್ಥಿತಿ ಗೊತ್ತಿದೆ. ಮೈಸೂರಿನಿಂದ ಹೆಗ್ಗಡದೇವನಕೋಟೆ (ನಮ್ಮವರ ಬಾಯಲ್ಲಿ ಕೋಟೆ), ಅಂತರಸಂತೆ ದಾಟಿ, ದಮ್ಮನಕಟ್ಟೆಯ ಬಳಿ ಕಾಡು ಹೊಕ್ಕು, ಬಳ್ಳೆ ದಾಟಿದ ಮೇಲೆ ಡಿ.ಬಿ.ಕುಪ್ಪೆಯ (ದೊಡ್ಡಬೈರನಕುಪ್ಪೆ) ಕಡೆಗೆ ಹೊರಳುವ ರಸ್ತೆ ಗದ್ದೆಬಯಲನ್ನು ಬಳಸಿ ನೀರಿನ ಅಂಚಿನಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಉದ್ದನೆಯ ಕಿರಿದಾದ ದೋಣಿಯೇ ಗತಿ. ಈಚೆ ಜೀಪಿನಿಂದ ಇಳಿಸಿದ ಮೂಟೆಯನ್ನು ತಲೆಯ ಮೇಲೆ ಹೊತ್ತು ಜಾರುವ ಮಣ್ಣಿನಲ್ಲಿ ದೋಣಿಯವರೆಗೆ ಇಳಿಯಬೇಕು. ಆಚೆ ದಡದಲ್ಲಿ ಅದನ್ನೇ ಮತ್ತೆ ಹೊತ್ತು ಹತ್ತಿ ಇನ್ನೊಂದು ಜೀಪಿಗೆ ಹಾಕಬೇಕು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಕಾಳುಮೆಣಸು, ಕಾಫಿ, ಅಡಿಕೆಯ ತೋಟಗಳು ಕಾಣುತ್ತಿದ್ದರೂ ಕಾರಿನಲ್ಲಿ ಹೋಗುವವರು ಕಾಡಿನೊಳಗೆ ಹಿಂದಿರುಗಿ, ಗಡಿಯ ಊರಾದ ಬಾವಲಿಯ ಮೇಲೆ ಸುತ್ತಿಕೊಂಡು ಕೇರಳದ ನೆಲ ಮುಟ್ಟಬೇಕು. ಬೈರಕುಪ್ಪೆಯ ಸುತ್ತಲಿನ ಹಾಡಿಗಳಲ್ಲಿರುವ ಜೇನುಕುರುಬ, ಕಾಡುಕುರುಬ, ಯರವ ಕುಟುಂಬಗಳಿಗೂ ಅಲ್ಲಿನ ಬೇಸಾಯಗಾರರಿಗೂ ಸಂತೆ, ಔಷಧಿ, ಆಸ್ಪತ್ರೆ ಎಂದರೆ ಎಷ್ಟೋ ಸಲ ಕೋಟೆಗಿಂತ ವಯನಾಡಿನ ಪುಲ್ಪಳ್ಳಿ, ಸುಲ್ತಾನ್ ಬತ್ತೇರಿಗಳೇ ಹತ್ತಿರ. ಅತ್ತ ದರಿ ಇತ್ತ ಪುಲಿ ಎಂಬ ಮಾತು ಅಕ್ಷರಶಃ ಹೊಂದುವ ಊರು ನಮ್ಮ ಜಿಲ್ಲೆಯಲ್ಲಿ ಇದೊಂದೇ ಇರಬೇಕು.

ಹಾಗೆಂದು ಸೇತುವೆಗೆ ಎದುರಾಗಿರುವ ಆಕ್ಷೇಪವನ್ನು ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಈ ದಾರಿಯ ಇಕ್ಕೆಲದಲ್ಲೂ ಇರುವುದು 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ನಾಗರಹೊಳೆಯ ಕಾಡು. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ಹುಲ್ಲು ಚಿಗುರಿದಾಗ ಇಲ್ಲಿ ನೆರೆಯುವಷ್ಟು ಆನೆಗಳು ಏಷ್ಯಾದ ಬೇರೆ ಕಡೆ ಒಟ್ಟಿಗೆ ಕಾಣಸಿಗುವುದು ಅಪರೂಪ. ಮೈಸೂರು–ಮಾನಂದವಾಡಿ ರಸ್ತೆಯನ್ನು ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮುಚ್ಚುವುದೂ, ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧಿಸಿರುವುದೂ ವಾಹನಗಳ ಚಕ್ರಕ್ಕೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ಕಂಡ ಮೇಲೆಯೇ. ಬೈರಕುಪ್ಪೆಯಲ್ಲಿ ಸೇತುವೆಯೊಂದು ಎದ್ದು ನಿಂತರೆ, ಈಗ ನೀರಿನಂಚಿನಲ್ಲಿ ಮುಗಿಯುವ ಹಳ್ಳಿಯ ರಸ್ತೆ ಎರಡು ರಾಜ್ಯಗಳನ್ನು ಜೋಡಿಸುವ ಹೆದ್ದಾರಿಯಾಗುತ್ತದೆ. ಬೈರಕುಪ್ಪೆಯವರ ಅನುಕೂಲಕ್ಕೆಂದು ಕಟ್ಟಿದ್ದರ ಮೇಲೆ ಬೈರಕುಪ್ಪೆಯಲ್ಲಿ ನಿಲ್ಲುವ ಕೆಲಸವೇ ಇಲ್ಲದ ಸಾವಿರ ಗಾಡಿಗಳು ಓಡತೊಡಗುತ್ತವೆ. ಒಮ್ಮೆ ಕಟ್ಟಿದ ಸೇತುವೆಯ ಮೇಲೆ ಇಷ್ಟೇ ವಾಹನ ಹೋಗಬೇಕೆಂದು ಕಟ್ಟುಮಾಡುವುದು ಯಾರ ಕೈಯಲ್ಲೂ ಇರುವುದಿಲ್ಲ. ರಾತ್ರಿ ನಿಷೇಧವನ್ನು ಉಳಿಸಿಕೊಳ್ಳುವುದಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದದ್ದನ್ನು ಬಂಡೀಪುರದಲ್ಲಿ ನೋಡಿದ್ದೇವೆ.

ಲಾಂಚ್‌ನ ಗುಣವಿರುವುದು ಇಲ್ಲಿಯೇ. ಒಂದು ಸಲಕ್ಕೆ ಐದಾರು ಗಾಡಿಗಳನ್ನಷ್ಟೇ ಹೊರುವ, ಹತ್ತಿಸಿ ಇಳಿಸುವುದಕ್ಕೆ ಸಮಯ ತೆಗೆದುಕೊಳ್ಳುವ, ಹೊತ್ತು ಮುಳುಗಿದೊಡನೆ ದಡಕ್ಕೆ ಕಟ್ಟಿಬಿಡಬಹುದಾದ ಸಾಧನ ಅದು. ಅವಸರದಲ್ಲಿರುವ ದೂರದ ಪ್ರಯಾಣಿಕ ಅದಕ್ಕಾಗಿ ಕಾಯುವುದಿಲ್ಲ, ಬೇರೆ ರಸ್ತೆ ಹಿಡಿಯುತ್ತಾನೆ. ಕಾಯುವವನು ನಿಜವಾಗಿಯೂ ಅಲ್ಲಿಗೇ ಬರಬೇಕಾದವನು. ತಡೆಗೇಟು, ಕ್ಯಾಮೆರಾ, ಸುತ್ತೋಲೆಗಳಿಂದ ಆಗದ ಸಂಚಾರ ನಿಯಂತ್ರಣ ಲಾಂಚ್‌ನ ನಿಧಾನದಿಂದಲೇ ಆಗಿಬಿಡುತ್ತದೆ.

ಲಾಂಚ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಸಿಗಂದೂರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿಯ ಕಣಿವೆ ಮುಳುಗಿದಾಗ ತುಮರಿಯ ಸುತ್ತಲಿನ ಊರುಗಳು ಸಾಗರ ಪಟ್ಟಣದಿಂದ ಬೇರ್ಪಟ್ಟವು. ಆಮೇಲೆ ದಶಕಗಳ ಕಾಲ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಲಾಂಚ್ ಓಡಿತು. ಮೈಸೂರು, ಮಂಡ್ಯ ಕಡೆಯಿಂದ ಚೌಡೇಶ್ವರಿಯ ದರ್ಶನಕ್ಕೆ ಹೋದ ಎಷ್ಟೋ ಮನೆಗಳಲ್ಲಿ ದೇವಸ್ಥಾನದಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿ, ಆ ಲಾಂಚ್‌ನ ಮಾತು ನಡೆಯುತ್ತಿತ್ತು. ಹೊಳೆಬಾಗಿಲಿನಲ್ಲಿ ಗಾಡಿ ಹತ್ತಿಸುವ ಕ್ರಮವೇ ನೋಡುವಂತಿತ್ತು: ಕಬ್ಬಿಣದ ಹಲಗೆ ದಡದ ಮೇಲೆ ಕುಳಿತ ಸದ್ದು, ಸೀಟಿ ಊದುತ್ತ ಕೈಸನ್ನೆಯಲ್ಲೇ ಚಾಲಕರನ್ನು ನಡೆಸುವ ಸಿಬ್ಬಂದಿ, ಬಸ್ಸಿಗೆ ಮಧ್ಯದ ಜಾಗ, ಅದರ ಮಗ್ಗುಲಿಗೆ ಕನ್ನಡಿ ಮಡಚಿಕೊಂಡು ನಿಂತ ಕಾರುಗಳು, ಉಳಿದ ಸಂದಿಯಲ್ಲಿ ಬೈಕುಗಳು, ಕಂಬಿಗೆ ಒರಗಿದ ಜನ. ಬಾಗಿಲು ತೆರೆಯಲೂ ಜಾಗವಿಲ್ಲದಷ್ಟು ಒತ್ತಾಗಿ ನಿಂತ ಗಾಡಿಯೊಳಗೆ ಕುಳಿತೇ ಕೆಲವರು ಹೊಳೆ ದಾಟುತ್ತಿದ್ದರು. ಸುತ್ತಲೂ ನೀರಿನಿಂದ ತಲೆಯೆತ್ತಿದ ಗುಡ್ಡಗಳು, ಬೇಸಿಗೆಯಲ್ಲಿ ನೀರು ಇಳಿದಾಗ ಬೆಳ್ಳಗೆ ಕಾಣುವ ಸತ್ತ ಮರದ ಬೊಡ್ಡೆಗಳು. ಶರಾವತಿಯ ಕಣಿವೆ ಎಷ್ಟು ಅಗಲ, ಎಷ್ಟು ಆಳ ಎಂಬುದನ್ನು ಮೈಗೆ ತಿಳಿಯುವ ಹಾಗೆ ತೋರಿಸುತ್ತಿದ್ದುದು ಆ ಪ್ರಯಾಣವೇ.

ಆದರೆ ಪ್ರವಾಸಿಗನ ಸಂತೋಷದಿಂದ ಲಾಂಚನ್ನು ಅಳೆಯುವುದು ತಪ್ಪು. ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಕಾಣಿಸಿಕೊಂಡರೆ, ಹಾವು ಕಚ್ಚಿದರೆ ತುಮರಿಯವರು ಪಟ್ಟ ಪಾಡು ಪ್ರವಾಸಿಗನಿಗೆ ಕಾಣುವಂಥದ್ದಲ್ಲ. ಮಳೆ ತಡವಾದ ವರ್ಷಗಳಲ್ಲಿ ನೀರು ತಳ ಕಂಡು ವಾಹನ ಸಾಗಣೆಯೇ ನಿಂತುಹೋಗುತ್ತಿತ್ತು. ಇಡೀ ರಾಜ್ಯದ ಮನೆಗಳಿಗೆ ಬೆಳಕು ಕೊಡುವುದಕ್ಕಾಗಿ ಆ ಜನರನ್ನು ನೀರಿನ ನಡುವೆ ಬಿಟ್ಟವರು ನಾವೇ ಆದ್ದರಿಂದ, 2025ರ ಜುಲೈ 14ರಂದು ಉದ್ಘಾಟನೆಯಾದ, ಎರಡು ಕಿಲೋಮೀಟರಿಗೂ ಮಿಕ್ಕಿದ ಆ ತೂಗುಕೇಬಲ್ ಸೇತುವೆ ಅವರಿಗೆ ತೀರಿಸಬೇಕಾಗಿದ್ದ ಹಳೆಯ ಋಣ. ಸೇತುವೆ ಬಂದುದಕ್ಕೆ ಮರುಗುವ ಪ್ರವಾಸಿಗರ ಮಾತಿಗೆ ನಾನು ಸೇರುವುದಿಲ್ಲ. ಬೈರಕುಪ್ಪೆಯ ಸ್ಥಿತಿ ಬೇರೆ. ಅಲ್ಲಿ ದಾಟಬೇಕಾಗಿರುವುದು ಸಾಗರದಂಥ ಹಿನ್ನೀರನ್ನಲ್ಲ, ಒಂದು ನದಿಯ ಅಗಲವನ್ನು. ಅಲ್ಲಿ ಸೇತುವೆಯಿಂದ ಕೆಡುವುದು ನೋಟವಲ್ಲ, ಕಾಡು.

ನಮ್ಮ ಕಡೆಯವರಿಗೆ ನದಿ ಎಂದರೆ ಸೇತುವೆಯೇ ನೆನಪಾಗುವುದು ಸಹಜ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಇಂದಿಗೂ ಕಾವೇರಿಯಲ್ಲಿ ನಿಂತಿವೆ. ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋದಾಗ ಎಷ್ಟು ಜನ ಹೋಗಿ ನೋಡಿ ನೊಂದುಕೊಂಡು ಬಂದರು! ಹರಿಗೋಲು ಮಾತ್ರ ತಲಕಾಡಿನಂಥ ಕಡೆ ಪ್ರವಾಸಿಗರ ಮೋಜಿಗೆ ಉಳಿದುಕೊಂಡಿದೆ. ನೀರಿನ ಮೇಲಿನ ಸಾರಿಗೆ ಎಂದರೆ ಬಡತನದ, ಹಿಂದುಳಿದಿರುವಿಕೆಯ ಗುರುತು ಎಂಬ ಭಾವನೆ ನಮ್ಮ ಅಧಿಕಾರಿಗಳಲ್ಲೂ ಜನಪ್ರತಿನಿಧಿಗಳಲ್ಲೂ ಬೇರೂರಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಈ ಭಾವನೆ ಎಷ್ಟು ಹುಸಿ ಎಂಬುದು ನನಗೆ ಮನವರಿಕೆಯಾದದ್ದು ಆಸ್ಟ್ರಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ. ಅಲ್ಲಿ ಡ್ಯಾನ್ಯೂಬ್ ನದಿ ಮೆಲ್ಕ್ ಮತ್ತು ಕ್ರೆಮ್ಸ್ ಎಂಬ ಎರಡು ಪಟ್ಟಣಗಳ ನಡುವೆ ಸುಮಾರು 35 ಕಿಲೋಮೀಟರ್ ಉದ್ದಕ್ಕೆ ಗುಡ್ಡಗಳನ್ನು ಸೀಳಿಕೊಂಡು ಹರಿಯುತ್ತದೆ. ವಾಖಾವ್ ಎಂದು ಕರೆಯುವ ಈ ಕಣಿವೆಯ ಇಳಿಜಾರಿನಲ್ಲೆಲ್ಲ ಕಲ್ಲು ಪೇರಿಸಿ ಮಾಡಿದ ಮೆಟ್ಟಿಲುಪಾತಿಗಳಲ್ಲಿ ದ್ರಾಕ್ಷಿ, ತಗ್ಗಿನಲ್ಲಿ ಏಪ್ರಿಕಾಟ್ ತೋಟಗಳು, ನಡುನಡುವೆ ಪಾಳುಬಿದ್ದ ಕೋಟೆಗಳು. 1192ರಲ್ಲಿ ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು ಸೆರೆಯಲ್ಲಿಟ್ಟ ಡ್ಯೂರ್ನ್‌ಸ್ಟೈನ್ ಕೋಟೆ ಇರುವುದೂ ಇಲ್ಲಿಯೇ. 2000ದಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಣಿವೆಯ ಎರಡು ತುದಿಗಳಲ್ಲಿ ಮಾತ್ರ ಸೇತುವೆಗಳಿವೆ. ನಡುವಿನ ಊರುಗಳವರು ಕಾರಿನೊಂದಿಗೆ ನದಿ ದಾಟುವುದು ದೋಣಿಯಲ್ಲಿ. ಆಸ್ಟ್ರಿಯಾ ಬಡ ದೇಶವಲ್ಲ. ಸೇತುವೆ ಕಟ್ಟಲು ಅವರಿಗೆ ಬಾರದೆಯೂ ಇಲ್ಲ.

ಸ್ಪಿಟ್ಸ್ ಎಂಬ ಊರಿನಿಂದ ಎದುರಿನ ಆರ್ನ್ಸ್‌ಡಾರ್ಫ್‌ಗೆ ದಾಟುವ ದೋಣಿಯಲ್ಲಿ ಅಳಿಯ ಕಾರು ಹತ್ತಿಸಿ ನಿಲ್ಲಿಸಿದಾಗ ನಾನು ಎಂಜಿನ್ನಿನ ಸದ್ದಿಗಾಗಿ ಕಾದೆ. ಸದ್ದು ಬರಲೇ ಇಲ್ಲ, ದೋಣಿ ಮಾತ್ರ ದಡ ಬಿಟ್ಟಿತ್ತು. ನದಿಯ ಎರಡೂ ದಡಗಳಲ್ಲಿ ನೆಟ್ಟ ಎತ್ತರದ ಕಂಬಗಳ ನಡುವೆ, ಹಡಗುಗಳು ಅಡಿಯಲ್ಲಿ ಹೋಗುವಷ್ಟು ಮೇಲೆ, ದಪ್ಪ ಉಕ್ಕಿನ ಹಗ್ಗವೊಂದನ್ನು ಬಿಗಿದಿದ್ದಾರೆ. ಅದರ ಮೇಲೆ ರಾಟೆ ಉರುಳುತ್ತದೆ. ರಾಟೆಯಿಂದ ಇಳಿದ ತಂತಿಗಳು ದೋಣಿಯನ್ನು ಹಿಡಿದುಕೊಂಡಿರುತ್ತವೆ. ಅಂಬಿಗ ದೋಣಿಯನ್ನು ಪ್ರವಾಹಕ್ಕೆ ಸ್ವಲ್ಪ ಓರೆಯಾಗಿ ತಿರುಗಿಸಿದರೆ ಸಾಕು, ಹರಿಯುವ ನೀರು ಅದರ ಮಗ್ಗುಲನ್ನು ನೂಕುತ್ತದೆ. ಹಗ್ಗ ಬಿಡುವುದಿಲ್ಲವಾದ್ದರಿಂದ ಕೆಳಕ್ಕೆ ತೇಲಿಹೋಗಲಾರದೆ ದೋಣಿ ಅಡ್ಡಡ್ಡವಾಗಿ ಎದುರು ದಡಕ್ಕೆ ಸಾಗುತ್ತದೆ. ಮರಳುವಾಗ ಓರೆಯನ್ನು ಇನ್ನೊಂದು ಕಡೆಗೆ ಮಾಡಿದರಾಯಿತು. ಗಾಳಿಪಟವನ್ನು ದಾರ ಹಿಡಿದಿಟ್ಟಿದ್ದಕ್ಕೇ ಅದು ಮೇಲೇರುವ ಹಾಗೆ ಇದು. ಡೀಸೆಲ್ ಇಲ್ಲ, ಹೊಗೆ ಇಲ್ಲ. ನೆತ್ತಿಯ ಮೇಲೆ ರಾಟೆ ಉರುಳುವ ಸಣ್ಣ ಕಿರುಗುಟ್ಟುವಿಕೆ, ಹಲಗೆಗೆ ನೀರು ಬಡಿಯುವ ಸದ್ದು, ಅಷ್ಟೆ. ನಮ್ಮ ಹಿಂದೆ ನಿಂತಿದ್ದ ವ್ಯಾನಿನಲ್ಲಿ ಹಣ್ಣಿನ ಪೆಟ್ಟಿಗೆಗಳಿದ್ದವು, ಅದರ ಪಕ್ಕದಲ್ಲಿ ಸೈಕಲ್ ಹಿಡಿದ ಶಾಲಾಮಕ್ಕಳು. ಅವರು ಯಾರೂ ಕಣಿವೆಯ ಸೊಬಗು ನೋಡುವುದಕ್ಕೆ ಬಂದವರಲ್ಲ.

ಜರ್ಮನಿಯ ರೈನ್ ಕಣಿವೆಯ ಕಥೆ ಇದಕ್ಕಿಂತ ತೊಡಕಿನದು, ಆದ್ದರಿಂದ ನಮಗೆ ಹೆಚ್ಚು ಉಪಯೋಗದ್ದು. ಅಲ್ಲಿ ಮೈನ್ಸ್ ಮತ್ತು ಕೋಬ್ಲೆಂಜ್ ನಗರಗಳ ನಡುವೆ 80 ಕಿಲೋಮೀಟರಿಗೂ ಮಿಕ್ಕಿ ಒಂದು ಸೇತುವೆಯೂ ಇಲ್ಲ. ಕಾರು ಸಾಗಿಸುವ ಮೋಟಾರು ದೋಣಿಗಳೇ ಎಲ್ಲ. 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕಣಿವೆಯ ಜನ ರಾತ್ರಿ ದೋಣಿ ಇಲ್ಲವೆಂದು ದೂರುತ್ತಲೇ ಬಂದಿದ್ದಾರೆ. ಸಾಂಕ್ಟ್ ಗೋವಾರ್ ಬಳಿ ಸೇತುವೆ ಬೇಕೆ ಬೇಡವೆ ಎಂಬ ವಾದ ವರ್ಷಾನುಗಟ್ಟಲೆ ನಡೆದಿದೆ. ಅದೇ ದೇಶದ ಡ್ರೆಸ್ಡನ್ ನಗರದವರು ಎಲ್ಬೆ ಕಣಿವೆಗೆ ಹೊಸ ಸೇತುವೆ ಹಾಕಿಯೇ ತೀರುತ್ತೇವೆಂದು ಹೊರಟು, 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಯಿಂದಲೇ ತಮ್ಮ ಕಣಿವೆಯ ಹೆಸರನ್ನು ಕಳೆದುಕೊಂಡರು. ಅಂದರೆ ಅಲ್ಲಿಯೂ ಜನರ ಅನುಕೂಲ ಮತ್ತು ಕಣಿವೆಯ ಉಳಿವಿನ ನಡುವೆ ಜಗ್ಗಾಟ ಇದ್ದೇ ಇದೆ. ವ್ಯತ್ಯಾಸವಿಷ್ಟೆ: ವಾದ ಮುಗಿಯುವವರೆಗೆ ಜನ ಮೂಟೆ ಹೊತ್ತು ಕೆಸರಿನಲ್ಲಿ ಇಳಿಯಬೇಕಾಗಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಮುಡಿಸಲು ಹೊರಟಿದ್ದಾನೆ ಎಂದು ಕೆಲವರು ಹೇಳಬಹುದು. ಡ್ಯಾನ್ಯೂಬಿನ ದೋಣಿಯನ್ನು ಇದ್ದ ಹಾಗೆಯೇ ತಂದು ಕಬಿನಿಗೆ ಇಳಿಸಿ ಎಂದು ನಾನು ಹೇಳುತ್ತಿಲ್ಲ. ಅದು ನಡೆಯುವುದೂ ಇಲ್ಲ. ವಯನಾಡಿನಲ್ಲಿ ಮುಂಗಾರು ಬಿರುಸಾದರೆ ಪನಮರಂ ಮತ್ತು ಮಾನಂದವಾಡಿ ಹೊಳೆಗಳ ನೀರೆಲ್ಲ ಒಂದಾಗಿ ಕಬಿನಿ ಒಂದೇ ರಾತ್ರಿಯಲ್ಲಿ ಏರುತ್ತದೆ. ಮರದ ದಿಮ್ಮಿಗಳು ತೇಲಿ ಬರುವ ಅಂಥ ದಿನಗಳಲ್ಲಿ ಯಾವ ದೋಣಿಯೂ ನೀರಿಗಿಳಿಯಬಾರದು. ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ: ನೂಕುವಷ್ಟು ಸೆಳವೇ ಇರುವುದಿಲ್ಲ. ಆದುದರಿಂದ ಹಗ್ಗವನ್ನು ದೋಣಿ ದಾರಿ ತಪ್ಪದಿರುವುದಕ್ಕೆ ಮಾತ್ರ ಇಟ್ಟುಕೊಂಡು, ಸಾಗುವುದಕ್ಕೆ ಚಿಕ್ಕ ಮೋಟಾರನ್ನು, ಸಾಧ್ಯವಾದರೆ ಬ್ಯಾಟರಿಯದನ್ನು, ಬಳಸುವುದು ಇಲ್ಲಿಗೆ ಸರಿಹೋದೀತು. ನೀರಿನ ಮಟ್ಟ ಏರಿ ಇಳಿದಂತೆ ಜರುಗಿಸಬಹುದಾದ ತೇಲುಕಟ್ಟೆ ಎರಡೂ ದಡದಲ್ಲಿ ಬೇಕು. ನಿಜ ಹೇಳಬೇಕೆಂದರೆ ದೋಣಿಗಿಂತ ಈ ಇಳಿದಾಣದ ಕೆಲಸವೇ ಹೆಚ್ಚು ಕಷ್ಟದ್ದು ಮತ್ತು ಹೆಚ್ಚು ಖರ್ಚಿನದು. ಸಿಗಂದೂರಿನಲ್ಲಿ ಬೇಸಿಗೆ ಬಂದಾಗಲೆಲ್ಲ ಸಂಕಟವಾಗುತ್ತಿದ್ದುದೂ ಇಳಿದಾಣದ ಹತ್ತಿರ ನೀರು ಸಾಲದೆ ಹೋಗುತ್ತಿದ್ದುದರಿಂದ. ಆನೆಗಳು ನೀರಿಗಿಳಿಯುವ ಜಾಡು ಯಾವುದೆಂದು ಹಾಡಿಯ ಹಿರಿಯರನ್ನು ಕೇಳಿ, ಅದನ್ನು ಬಿಟ್ಟು ಊರಿನ ಕಡೆಗೇ ಕಟ್ಟೆಯನ್ನು ಇರಿಸುವುದು ಅಗತ್ಯ.

ಸುರಕ್ಷತೆಯ ಮಾತನ್ನು ಮರೆತು ಇದನ್ನು ಹೇಳಿದರೆ ಹೊಣೆಗೇಡಿತನವಾದೀತು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ ವಿಹಾರದೋಣಿ ಮಗುಚಿ 22 ಮಂದಿ ಸತ್ತರು. ಈಗ ಬೈರಕುಪ್ಪೆಯಲ್ಲಿ ದಾಟುವ ಕಿರಿದೋಣಿಗಳಿಗೆ ಹೋಲಿಸಿದರೆ ಅಗಲ ತಳದ, ಹಗ್ಗಕ್ಕೆ ಕಟ್ಟಿದ, ಅಂಚಿಗೆ ಕಂಬಿಯಿರುವ ಲಾಂಚ್ ಹೆಚ್ಚು ಭದ್ರವೆಂಬುದು ನಿಜ. ಆದರೆ ತೂಕದ ಲೆಕ್ಕ ತಪ್ಪಿದರೆ ಅದೂ ಅಷ್ಟೇ ಅಪಾಯಕಾರಿ. 2021ರ ಒಳನಾಡು ಹಡಗು ಕಾಯ್ದೆ ನೋಂದಣಿ, ತಪಾಸಣೆ, ಸಿಬ್ಬಂದಿಯ ಅರ್ಹತೆ, ವಿಮೆ ಎಲ್ಲದಕ್ಕೂ ದೇಶಕ್ಕೆಲ್ಲ ಒಂದೇ ನಿಯಮ ತಂದಿದೆ. ಒಂದು ರಾಜ್ಯ ಕೊಟ್ಟ ನೋಂದಣಿಪತ್ರ ಇನ್ನೊಂದು ರಾಜ್ಯದ ನೀರಿನಲ್ಲೂ ಊರ್ಜಿತ. ಗಡಿಹೊಳೆಯಲ್ಲಿ ಓಡಬೇಕಾದ ಲಾಂಚ್‌ಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಫೋರ್ಟ್ ಕೊಚ್ಚಿ ಮತ್ತು ವೈಪಿನ್ ನಡುವೆ 2018ರಿಂದ ವಾಹನ ಸಾಗಿಸುವ ರೋ–ರೋ ಹಡಗುಗಳನ್ನು ಓಡಿಸುತ್ತಿರುವ ಕೇರಳದವರಿಗೆ ಈ ಕೆಲಸದ ಅನುಭವವೂ ಇದೆ.

ನಿಯಮಗಳು ಮೊದಲ ದಿನದಿಂದಲೇ ಕಟ್ಟುನಿಟ್ಟಾಗಿರಬೇಕು. ಹಗಲಿನಲ್ಲಿ ಮಾತ್ರ ಓಡಾಟ. ಭಾರಿ ಲಾರಿಗಳಿಗೆ ಪ್ರವೇಶ ಬೇಡ. ಶುಂಠಿ ಬೆಳೆಯುವವರಿಗೆ ಇದು ರುಚಿಸುವುದಿಲ್ಲವೆಂದು ಗೊತ್ತು. ಆದರೆ ಲಾರಿಗಳಿಗೆ ದಾರಿ ಬಿಟ್ಟರೆ ಸೇತುವೆಯನ್ನು ಬೇಡವೆಂದದ್ದಕ್ಕೆ ಅರ್ಥವೇ ಉಳಿಯುವುದಿಲ್ಲ, ಮತ್ತು ಅವರ ಸರಕು ಪಿಕಪ್ ಗಾಡಿಗಳಲ್ಲಿ ಹೋಗುವುದಕ್ಕೆ ಅಡ್ಡಿಯಿಲ್ಲ. ರಾತ್ರಿಯ ಹೊತ್ತು ಆಂಬುಲೆನ್ಸ್‌ಗೆ ಮಾತ್ರ ಲಾಂಚ್ ಬಿಡಬೇಕು. ಅದಕ್ಕಾಗಿ ಸಿಬ್ಬಂದಿಯಲ್ಲಿ ಇಬ್ಬರಾದರೂ ದಡದಲ್ಲೇ ಮಲಗುವ ಏರ್ಪಾಡು ಇರಲೇಬೇಕು. ತುಮರಿಯವರ ಪಾಡನ್ನು ಕಂಡ ಮೇಲೂ ಇದನ್ನು ಮರೆತು ಲಾಂಚ್ ಇಳಿಸುವುದಾದರೆ ಇಳಿಸದಿರುವುದೇ ಮೇಲು. ಈಗ ದೋಣಿ ನಡೆಸಿ ಬದುಕುತ್ತಿರುವವರನ್ನು ಬೀದಿಗೆ ಹಾಕದೆ, ತರಬೇತಿ ಕೊಟ್ಟು ಅವರನ್ನೇ ಲಾಂಚ್‌ನ ಕೆಲಸಕ್ಕೆ ತೆಗೆದುಕೊಳ್ಳಬೇಕು. ಆ ನೀರಿನ ಸುಳಿ, ಬಂಡೆ, ಸೆಳವುಗಳನ್ನು ಅವರಷ್ಟು ಬಲ್ಲವರು ಹೊರಗಿನಿಂದ ಬರಲಾರರು.

ಮೈಸೂರು ಮತ್ತು ವಯನಾಡು ಜಿಲ್ಲಾಡಳಿತಗಳು ಎರಡೂ ಕಡೆಯ ಅರಣ್ಯ ಅಧಿಕಾರಿಗಳನ್ನು ಮತ್ತು ಜಲಸಾರಿಗೆ ಬಲ್ಲ ಎಂಜಿನಿಯರುಗಳನ್ನು ಕರೆದುಕೊಂಡು ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಆ ಕಡವಿನಲ್ಲಿ ನೀರಿನ ಮಟ್ಟ, ಸೆಳವಿನ ವೇಗ, ದಾಟುವವರ ಸಂಖ್ಯೆಗಳನ್ನು ಅಳೆಸಲಿ. ಸೇತುವೆಯ ಯೋಜನಾವರದಿಗೆ ತಗಲುವ ಖರ್ಚಿನ ಮುಂದೆ ಈ ಅಳತೆಯ ಖರ್ಚು ಲೆಕ್ಕಕ್ಕೆ ಬರುವಂಥದ್ದಲ್ಲ. ಸೆಳವು ಹೆಚ್ಚೆಂದು ಅಥವಾ ಇಳಿದಾಣಕ್ಕೆ ಗಟ್ಟಿ ನೆಲ ಸಿಗದೆಂದು ಕಂಡುಬಂದರೆ ಕೈಬಿಡಲಿ, ತಕರಾರಿಲ್ಲ. ಅಲ್ಲಿಯವರೆಗೆ, ಈಗಿರುವ ದೋಣಿಗಳಲ್ಲಿ ಕೂರುವವರಿಗೆ ಜೀವರಕ್ಷಕ ಅಂಗಿ ಒದಗಿಸುವುದಕ್ಕೂ, ಮೈಸೂರಿನ ಕಡೆಯ ದಡದಲ್ಲಿ ನಾಲ್ಕು ಕಲ್ಲು ಮೆಟ್ಟಿಲು ಕಟ್ಟಿಸುವುದಕ್ಕೂ ಯಾವ ಸರ್ವೆಯೂ ಬೇಕಾಗಿಲ್ಲ.

ಇತಿ,
ತಮ್ಮ ಪತ್ರಿಕೆಯ ಹಳೆಯ ಓದುಗ,
ಸರಸ್ವತಿಪುರಂ, ಮೈಸೂರು